ಹಳೇ ಫೈರ್‌ಫಾಕ್ಸಿನಿಂದ ಹೊರಬಂದ ದೊಡ್ಡಮ್ಮನ ಪಾಸ್‌ವರ್ಡ್

ದೊಡ್ಡಮ್ಮನ ಬ್ಲಾಗ್ ಎಲ್ಲಿಗೂ ಹೋಗಿರಲಿಲ್ಲ. ವಿಳಾಸ ಕೊಟ್ಟರೆ ತೆರೆದುಕೊಳ್ಳುತ್ತಿತ್ತು. ಮೇಲೆ ತುಳಸಿಕಟ್ಟೆಯ ಫೋಟೊ, ಕೆಳಗೆ 2016ರ ಕೊನೆಯ ಬರಹ, ಅದರ ಕೆಳಗೆ ಯಾರೋ ಹಾಕಿದ್ದ ‘ತುಂಬಾ ಚೆನ್ನಾಗಿದೆ ಮೇಡಂ’. ಲಾಗಿನ್ ಆಗಲು ಮಾತ್ರ ಆಗುತ್ತಿರಲಿಲ್ಲ.

ಪ್ರಕಟವಾದ ಬರಹಗಳಷ್ಟೇ ಸಾಕಿದ್ದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಪುಟಗಳನ್ನು ಸೇವ್ ಮಾಡಿಕೊಂಡರೆ ಮುಗಿಯುತ್ತಿತ್ತು. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಶೀನಿನಲ್ಲೂ ಅರ್ಧಕ್ಕರ್ಧ ಸಿಕ್ಕಿತ್ತು. ಆದರೆ ದೊಡ್ಡಮ್ಮ ಶಿರಸಿ ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಶಿಸ್ತು ಬಿಟ್ಟವರಲ್ಲ. ಮದುವೆ ಮನೆಗಳಲ್ಲಿ ಹೆಂಗಸರು ಹೇಳುವ ಹಾಡುಗಳನ್ನು ಅವರು ವರ್ಷಗಟ್ಟಲೆ ಬರೆದುಕೊಂಡಿದ್ದರು. ಎಣ್ಣೆ ಅರಿಶಿನದ್ದು, ಧಾರೆಯದ್ದು, ಹೆಣ್ಣೊಪ್ಪಿಸುವಾಗಿನದ್ದು, ಬೀಗರನ್ನು ಹಂಗಿಸುವ ಹಾಡುಗಳಂತೂ ಬೇಕಾದಷ್ಟು. ಒಂದೇ ಹಾಡನ್ನು ಇಬ್ಬರ ಬಾಯಲ್ಲಿ ಕೇಳಿ ಪಾಠಾಂತರ ನೋಡದೆ ಪ್ರಕಟಿಸಬಾರದು ಎಂಬುದು ಅವರೇ ಹಾಕಿಕೊಂಡ ನಿಯಮ. ಹಾಗಾಗಿ ಬಹುಪಾಲು ಹಾಡು ಬ್ಲಾಗಿನ ಕರಡುಗಳಲ್ಲೇ ಉಳಿದಿದ್ದವು. ಮೂಲ ನೋಟ್‌ಬುಕ್ಕುಗಳು ಒರಲೆಯ ಪಾಲಾಗಿದ್ದವು. ಹಾಡಿದ ಅಜ್ಜಿಯರಲ್ಲಿ ಹೆಚ್ಚಿನವರು ಈಗಿಲ್ಲ. ಕರಡುಗಳನ್ನು ಯಾವ ಆರ್ಕೈವೂ ನಕಲು ಮಾಡಿಕೊಂಡಿರುವುದಿಲ್ಲ, ಅವು ಹೊರಗಿನವರಿಗೆ ಕಾಣುವುದೇ ಇಲ್ಲವಲ್ಲ.

‘ಪಾಸ್‌ವರ್ಡ್ ಮರೆತಿರಾ’ ಎಂಬ ಕೊಂಡಿ ಒತ್ತಿದರೆ ಅದು ಒಂದು ಇಮೇಲಿಗೆ ಪತ್ರ ಕಳಿಸುತ್ತಿತ್ತು. ಆ ಇಮೇಲ್ ಖಾತೆ ಬಹುಕಾಲ ಬಳಸಿಲ್ಲವೆಂದು ಎಂದೋ ಮುಚ್ಚಿಹೋಗಿತ್ತು. ಕೊಟ್ಟಿದ್ದ ಮೊಬೈಲ್ ನಂಬರ್ ಈಗ ಯಾರ ಕೈಯಲ್ಲಿದೆಯೋ. ಬ್ಲಾಗ್ ಸೇವೆಯವರಿಗೆ ಬರೆದರೆ, ‘ನೋಂದಾಯಿತ ಇಮೇಲಿನಿಂದಲೇ ಬರೆಯಿರಿ’ ಎಂಬ ಯಂತ್ರದ ಉತ್ತರ. ಅವರ ದೃಷ್ಟಿಯಿಂದ ಅದು ಸರಿಯೇ; ನಾನು ದೊಡ್ಡಮ್ಮನ ಮನೆಯವನೋ ಕಳ್ಳನೋ ಅವರಿಗೆ ಗೊತ್ತಾಗುವುದು ಹೇಗೆ?

ಉಳಿದದ್ದು ಒಂದೇ ದಾರಿ. ದೊಡ್ಡಮ್ಮ ಬ್ಲಾಗ್ ಬರೆಯುತ್ತಿದ್ದದ್ದು ವಿಂಡೋಸ್ 7ರ ಒಂದು ಲ್ಯಾಪ್‌ಟಾಪಿನಲ್ಲಿ. ಅದು ಸತ್ತು ಅಟ್ಟ ಸೇರಿತ್ತು. ‘ಪಾಸ್‌ವರ್ಡ್ ನಾನು ಯಾವತ್ತೂ ಹೊಡೀತಿರಲಿಲ್ಲೆ, ಅದೇ ಬರ್ತಿತ್ತು’ ಎಂದರು ದೊಡ್ಡಮ್ಮ. ಅಂದರೆ ಬ್ರೌಸರ್ ಅದನ್ನು ನೆನಪಿಟ್ಟುಕೊಂಡಿತ್ತು. ಹಾಗಿದ್ದರೆ ಅದು ಡಿಸ್ಕಿನಲ್ಲಿ ಎಲ್ಲೋ ಒಂದು ಕಡೆ ಇರಲೇಬೇಕು. ‘ಡಿಸ್ಕ್ ಬಿಚ್ಚಿ ನೋಡಲಾ?’ ಎಂದು ಕೇಳಿದೆ. ‘ಅಡ್ಡಿಲ್ಲೆ, ನೋಡು’ ಎಂದರು. ಈ ಅಪ್ಪಣೆ ಇಲ್ಲದೆ ಮುಂದಿನದ್ದನ್ನೆಲ್ಲ ಯಾರೂ ಮಾಡಬಾರದು. ಹಳೆಯ ಬ್ರೌಸರ್ ಫೋಲ್ಡರಿನಲ್ಲಿ ಒಬ್ಬ ಮನುಷ್ಯನ ಬಗ್ಗೆ ಏನೇನು ಇರುತ್ತದೆ ಎಂಬುದು ನನಗೂ ಪೂರ್ತಿ ಗೊತ್ತಾದದ್ದು ಒಳಹೊಕ್ಕ ಮೇಲೇ.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಾಟಾ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಕೇಬಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಲ್ಯಾಪ್‌ಟಾಪಿನ ತಳದ ತಿರುಪು ಬಿಚ್ಚಿ ಎರಡೂವರೆ ಇಂಚಿನ ಡಿಸ್ಕ್ ತೆಗೆಯುವುದು ದೊಡ್ಡ ಕೆಲಸವಲ್ಲ. ಮುಖ್ಯವಾದದ್ದು ಆಮೇಲಿನದು: ಅದನ್ನು ನೇರವಾಗಿ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿ ಡಬಲ್ ಕ್ಲಿಕ್ ಮಾಡುತ್ತ ಕೂರಬಾರದು. ವಿಂಡೋಸ್ ತಾನಾಗಿ ಡಿಸ್ಕಿನ ಮೇಲೆ ಬರೆಯಲು ಶುರುಮಾಡುತ್ತದೆ, ‘ಸ್ಕ್ಯಾನ್ ಮಾಡಿ ಸರಿಪಡಿಸಲೇ’ ಎಂದು ಕೇಳುತ್ತದೆ, ಸಾಯಲು ಕಾದಿರುವ ಡಿಸ್ಕಾದರೆ ಅಷ್ಟು ಸಾಕು. ನಾನು ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಇಡೀ ಡಿಸ್ಕಿನ ಪಡಿಯಚ್ಚನ್ನು ಒಂದೇ ಫೈಲಾಗಿ ತೆಗೆದುಕೊಂಡೆ. ಓದಲು ಸುಲಭವಾದ ಭಾಗಗಳನ್ನು ಅದು ಮೊದಲು ಓದಿ, ಕೆಟ್ಟ ಸೆಕ್ಟರುಗಳನ್ನು (ಡಿಸ್ಕಿನ ಪುಟ್ಟ ತುಣುಕುಗಳನ್ನು) ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿಯವರೆಗೆ ಆಯಿತು ಎಂದು ಇನ್ನೊಂದು ಫೈಲಿನಲ್ಲಿ ಲೆಕ್ಕ ಬರೆದಿಡುವುದರಿಂದ ನಡುವೆ ಕರೆಂಟು ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ರಾತ್ರಿಯಿಡೀ ಓಡಿತು. ಕೆಲವು ಸೆಕ್ಟರುಗಳು ಹೋಗಿದ್ದವು, ಅವು ಯಾವುದೋ ಹಳೆಯ ವಿಡಿಯೊದಲ್ಲಿದ್ದವು. ಆಮೇಲೆ ಮೂಲ ಡಿಸ್ಕನ್ನು ಕವರಿಗೆ ಹಾಕಿ ಕಪಾಟಿನಲ್ಲಿಟ್ಟು, ಪಡಿಯಚ್ಚನ್ನು ಓದಲಿಕ್ಕಷ್ಟೇ ಎಂಬಂತೆ ಮೌಂಟ್ ಮಾಡಿಕೊಂಡು, ಅಂದರೆ ಡಿಸ್ಕಿನ ಹಾಗೆ ತೆರೆದುಕೊಂಡು, ಕೆಲಸ ಶುರುಮಾಡಿದೆ.

ಮೊದಲು ನೋಡಿದ್ದು ಕ್ರೋಮ್. ಯೂಸರ್ ಫೋಲ್ಡರಿನೊಳಗೆ ಆಪ್‌ಡೇಟಾ ಎಂಬ ಅಡಗಿಸಿಟ್ಟ ಫೋಲ್ಡರ್, ಅದರೊಳಗೆ ಲೋಕಲ್, ಗೂಗಲ್, ಕ್ರೋಮ್, ಯೂಸರ್ ಡೇಟಾ, ಡಿಫಾಲ್ಟ್ ಎಂದು ಇಳಿಯುತ್ತ ಹೋದರೆ ‘ಲಾಗಿನ್ ಡೇಟಾ’ ಎಂಬ, ಬಾಲವಿಲ್ಲದ (ಎಕ್ಸ್‌ಟೆನ್ಶನ್ ಇಲ್ಲದ) ಒಂದು ಫೈಲ್ ಸಿಗುತ್ತದೆ. ಅದು ಎಸ್‌ಕ್ಯೂಲೈಟ್ ಎಂಬ ಬಗೆಯ ಡೇಟಾಬೇಸ್, ಸಾಲು ಕಾಲಮ್ಮುಗಳ ಪಟ್ಟಿಗಳನ್ನು ಒಂದೇ ಫೈಲಿನಲ್ಲಿ ಇಡುವಂಥದ್ದು. ತೆರೆದರೆ ಸೈಟಿನ ವಿಳಾಸ, ಬಳಕೆದಾರನ ಹೆಸರು ಎರಡೂ ಬೆತ್ತಲಾಗಿ ಕಾಣುತ್ತವೆ, ಪಾಸ್‌ವರ್ಡಿನ ಕಾಲಮ್ಮಿನಲ್ಲಿ ಮಾತ್ರ ಅರ್ಥವಾಗದ ಬೈಟುಗಳು. ದೊಡ್ಡಮ್ಮನ ಬ್ಲಾಗಿನ ಸಾಲು ಅಲ್ಲಿತ್ತು! ಬಳಕೆದಾರನ ಹೆಸರೂ ಇತ್ತು. ನಾವು ಇಷ್ಟು ದಿನ ಊಹಿಸಿಕೊಂಡಿದ್ದ ಹೆಸರಿಗೂ ಅದಕ್ಕೂ ಕೊನೆಯ ಎರಡು ಅಂಕಿಗಳ ವ್ಯತ್ಯಾಸ.

ಆದರೆ ಪಾಸ್‌ವರ್ಡಿಗೆ ಅಲ್ಲೇ ಪೂರ್ಣವಿರಾಮ. ಆಗಿನ ಕ್ರೋಮ್ ವಿಂಡೋಸಿನಲ್ಲಿ ಪ್ರತಿ ಪಾಸ್‌ವರ್ಡನ್ನೂ ಡಿಪಿಎಪಿಐ ಎಂಬ ವಿಂಡೋಸಿನದೇ ವ್ಯವಸ್ಥೆಗೆ ಕೊಟ್ಟು ಬೀಗ ಹಾಕಿಸುತ್ತಿತ್ತು. (2020ರಲ್ಲಿ 80ನೇ ಆವೃತ್ತಿ ಬಂದ ಮೇಲೆ ಇದಕ್ಕೆ ಇನ್ನೊಂದು ಸುತ್ತು ಸೇರಿತು.) ಆ ಬೀಗದ ಕೀಲಿ ಹುಟ್ಟುವುದು ವಿಂಡೋಸಿಗೆ ಲಾಗಿನ್ ಆಗುವ ಪಾಸ್‌ವರ್ಡಿನಿಂದ. ಆ ಪಾಸ್‌ವರ್ಡ್ ಗೊತ್ತಿದ್ದು, ಪ್ರೊಟೆಕ್ಟ್ ಎಂಬ ಫೋಲ್ಡರಿನ ಫೈಲುಗಳು ಉಳಿದಿದ್ದರೆ ಬೇರೆ ಕಂಪ್ಯೂಟರಿನಲ್ಲೂ ಬಿಡಿಸಬಹುದು. ನಮ್ಮ ವಿಷಯದಲ್ಲಿ ಏನಾಗಿತ್ತೆಂದರೆ, ಒಮ್ಮೆ ವಿಂಡೋಸ್ ಪಾಸ್‌ವರ್ಡ್ ಮರೆತುಹೋದಾಗ ರಿಪೇರಿ ಅಂಗಡಿಯ ಹುಡುಗ ಬೂಟ್ ಸಿಡಿ ಹಾಕಿ ಅದನ್ನು ಅಳಿಸಿಕೊಟ್ಟಿದ್ದ. ಕಂಪ್ಯೂಟರ್ ತೆರೆದುಕೊಂಡಿತು, ಎಲ್ಲರಿಗೂ ಸಂತೋಷ. ಹಾಗೆ ಬಲವಂತವಾಗಿ ಅಳಿಸಿದಾಗ ಹಳೆಯ ಪಾಸ್‌ವರ್ಡಿನಿಂದ ಹುಟ್ಟಿದ ಕೀಲಿಗಳು ನಿರರ್ಥಕವಾಗುತ್ತವೆ ಎಂದು ಆಗ ಯಾರು ಯೋಚಿಸುತ್ತಾರೆ? ವಿಂಡೋಸಿನೊಳಗೇ ನಿಂತು ಹಳೆಯದನ್ನು ಕೊಟ್ಟು ಹೊಸದಕ್ಕೆ ಬದಲಾಯಿಸುವುದು ಬೇರೆ, ಹೊರಗಿನಿಂದ ಒರೆಸಿಹಾಕುವುದು ಬೇರೆ.

ಈ ಹಂತದಲ್ಲಿ ಹುಡುಕಿದರೆ ‘ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಪಾಸ್‌ವರ್ಡ್ ವಾಪಸ್’ ಎಂಬ ಉಚಿತ ತಂತ್ರಾಂಶಗಳು ಸಾಲುಗಟ್ಟಿ ಬರುತ್ತವೆ. ಒಂದನ್ನೂ ಮುಟ್ಟಲಿಲ್ಲ. ಬ್ರೌಸರಿನ ಪಾಸ್‌ವರ್ಡ್ ಕದಿಯುವ ಮಾಲ್‌ವೇರು ಮಾಡುವ ಕೆಲಸವೂ ಇದೇ ತಾನೆ. ಒಂದು ಒಳ್ಳೆಯದೋ ಕೆಟ್ಟದ್ದೋ ಹೊರಗಿನಿಂದ ನೋಡಿ ಹೇಳುವುದು ನನ್ನಂಥವನಿಗೆ ಆಗದ ಮಾತು.

ಇನ್ನು ಫೈರ್‌ಫಾಕ್ಸ್. ಕ್ರೋಮ್ ಬಂದ ಮೇಲೂ ದೊಡ್ಡಮ್ಮ ಬ್ಲಾಗಿಗೆ ಬಳಸುತ್ತಿದ್ದದ್ದು ಹೆಚ್ಚಾಗಿ ಅದನ್ನೇ. ಅದರ ಸಂಸಾರ ಆಪ್‌ಡೇಟಾದೊಳಗೆ ರೋಮಿಂಗ್, ಮೊಜಿಲ್ಲಾ, ಫೈರ್‌ಫಾಕ್ಸ್, ಪ್ರೊಫೈಲ್ಸ್ ಎಂಬ ದಾರಿಯಲ್ಲಿ ಇರುತ್ತದೆ. ಅಡ್ಡಾದಿಡ್ಡಿ ಎಂಟು ಅಕ್ಷರ, ಒಂದು ಚುಕ್ಕೆ, ಆಮೇಲೆ ‘ಡಿಫಾಲ್ಟ್’ ಎಂಬ ಹೆಸರಿನ ಫೋಲ್ಡರ್. ಇದನ್ನೇ ಪ್ರೊಫೈಲ್ ಎನ್ನುವುದು. ಅದರಲ್ಲಿ ಇತಿಹಾಸಕ್ಕೂ ಬುಕ್‌ಮಾರ್ಕಿಗೂ ‘ಪ್ಲೇಸಸ್’, ಸೈಟುಗಳು ಗುರುತಿಗೆಂದು ಇಟ್ಟುಹೋಗುವ ಕುಕೀಗಳಿಗೆ ‘ಕುಕೀಸ್’, ಫಾರಮ್ಮುಗಳಲ್ಲಿ ತುಂಬಿದ್ದಕ್ಕೆ ‘ಫಾರ್ಮ್‌ಹಿಸ್ಟರಿ’, ಹೀಗೆ ಒಂದೊಂದಕ್ಕೆ ಒಂದೊಂದು ಎಸ್‌ಕ್ಯೂಲೈಟ್ ಫೈಲ್. ಪಾಸ್‌ವರ್ಡುಗಳು ಮಾತ್ರ 2014ರಲ್ಲಿ ಬಂದ 32ನೇ ಆವೃತ್ತಿಯಿಂದೀಚೆಗೆ ‘ಲಾಗಿನ್ಸ್.ಜೆಸನ್’ ಎಂಬ ಪಠ್ಯದ ಫೈಲಿನಲ್ಲಿ. ಅದನ್ನು ಬಿಡಿಸುವ ಕೀಲಿ ಪಕ್ಕದಲ್ಲೇ ‘ಕೀ3.ಡಿಬಿ’ ಎಂಬ ಇನ್ನೊಂದು ಫೈಲಿನಲ್ಲಿ. 2018ರ 58ನೇ ಆವೃತ್ತಿಯಿಂದ ಅದು ‘ಕೀ4.ಡಿಬಿ’ ಆಯಿತು.

ಲಾಗಿನ್ಸ್.ಜೆಸನ್ ತೆರೆಯಲು ನೋಟ್‌ಪ್ಯಾಡ್ ಸಾಕು. ತೆರೆದೆ. ಒಂದೇ ಸಾಲು. ‘ಲಾಗಿನ್ಸ್’ ಎಂಬುದರ ಮುಂದೆ ಖಾಲಿ ಚೌಕಾವರಣ. ಅಂಗಡಿಯ ಹುಡುಗ ಅದೇ ಭೇಟಿಯಲ್ಲಿ ‘ಕ್ಲೀನ್’ ಮಾಡುವ ತಂತ್ರಾಂಶವನ್ನೂ ಓಡಿಸಿದ್ದನಂತೆ, ಸ್ಪೀಡ್ ಆಗಲಿ ಎಂದು.

ಮುಚ್ಚಿಬಿಡುವವನಿದ್ದೆ. ಆಗ ಕಣ್ಣಿಗೆ ಬಿದ್ದದ್ದು ಸಾಲಿನ ಮೊದಲಲ್ಲಿದ್ದ ‘ನೆಕ್ಸ್ಟ್‌ಐಡಿ’ ಎಂಬ ಅಂಕಿ. ಹೊಸ ಪಾಸ್‌ವರ್ಡ್ ಉಳಿಸಿದಾಗಲೆಲ್ಲ ಏರುತ್ತ ಹೋಗುವ ಕ್ರಮಸಂಖ್ಯೆ ಅದು. ಏನೂ ಉಳಿಸಿರದ ಪ್ರೊಫೈಲಿನಲ್ಲಿ 1 ಇರಬೇಕು. ಇಲ್ಲಿ ಮೂವತ್ತರ ಮೇಲಿತ್ತು. ಅಳಿಸಿದವನಿಗೆ ಒಳಗಿನ ಪಟ್ಟಿ ಕಂಡಿತ್ತೇ ಹೊರತು ಎಣಿಕೆ ಕಂಡಿರಲಿಲ್ಲ. ಅಂದರೆ ಈ ಪ್ರೊಫೈಲಿನಲ್ಲಿ, ಅಥವಾ ಇದರ ಪೂರ್ವಜನಲ್ಲಿ, ಮೂವತ್ತಕ್ಕೂ ಹೆಚ್ಚು ಲಾಗಿನ್‌ಗಳು ಒಂದು ಕಾಲದಲ್ಲಿ ಇದ್ದವು.

ಪೂರ್ವಜ ಎಂದದ್ದು ಸುಮ್ಮನೆ ಅಲ್ಲ. ಫೈರ್‌ಫಾಕ್ಸಿನಲ್ಲಿ ‘ರಿಫ್ರೆಶ್’ ಎಂಬ ಒಂದು ಗುಂಡಿ ಇದೆ. ಬ್ರೌಸರ್ ನಿಧಾನವಾದಾಗ ಅದನ್ನು ಒತ್ತಿ ನೋಡುವುದುಂಟು. ಒತ್ತಿದರೆ ಹೊಸ ಪ್ರೊಫೈಲ್ ಮಾಡಿ, ಬುಕ್‌ಮಾರ್ಕು, ಇತಿಹಾಸ, ಪಾಸ್‌ವರ್ಡುಗಳನ್ನು ಅದಕ್ಕೆ ಸಾಗಿಸಿ, ಹಳೆಯ ಪ್ರೊಫೈಲನ್ನು ಇಡಿಯಾಗಿ ಡೆಸ್ಕ್‌ಟಾಪಿನಲ್ಲಿ ‘ಓಲ್ಡ್ ಫೈರ್‌ಫಾಕ್ಸ್ ಡೇಟಾ’ ಎಂಬ ಫೋಲ್ಡರಿಗೆ ಹಾಕುತ್ತದೆ. ಜನ ಆ ಫೋಲ್ಡರನ್ನು ಒಮ್ಮೆ ನೋಡಿ ಅಳಿಸುತ್ತಾರೆ. ಆದರೆ ದೊಡ್ಡಮ್ಮನ ಡೆಸ್ಕ್‌ಟಾಪಿನಲ್ಲಿ ಏನನ್ನೂ ಅಳಿಸುವ ಪದ್ಧತಿ ಇರಲಿಲ್ಲ. ಮೊಮ್ಮಗಳ ನಾಮಕರಣದ ಫೋಟೊಗಳು, ಅಡಿಕೆ ಸೊಸೈಟಿಯ ಸ್ಕ್ಯಾನು, ‘ನ್ಯೂ ಫೋಲ್ಡರ್ 7’, ಅವುಗಳ ನಡುವೆ ಇದೂ ಇತ್ತು. ಕ್ಲೀನ್ ಮಾಡುವ ತಂತ್ರಾಂಶ ಬ್ರೌಸರಿನ ಜಾಗವನ್ನು ಗುಡಿಸಿತ್ತು, ಡೆಸ್ಕ್‌ಟಾಪಿಗೆ ಕೈ ಹಾಕಿರಲಿಲ್ಲ.

ಒಳಗಿನ ಲಾಗಿನ್ಸ್.ಜೆಸನ್ ದಪ್ಪಗಿತ್ತು.

ಈ ಫೈಲಿನಲ್ಲಿ ಹೆಸರು ಮತ್ತು ಪಾಸ್‌ವರ್ಡ್ ಎರಡೂ ಗೂಢಲಿಪಿಯಲ್ಲಿರುತ್ತವೆ, ಸೈಟಿನ ವಿಳಾಸ ಮಾತ್ರ ಹಾಗೇ ಓದಲು ಸಿಗುತ್ತದೆ. ಬ್ಲಾಗಿನ ವಿಳಾಸ ಹುಡುಕಿದರೆ ಎರಡು ಕಡೆ ಸಿಕ್ಕಿತು: ಒಂದು ಎಚ್‌ಟಿಟಿಪಿ, ಇನ್ನೊಂದು ಅದರ ಸುರಕ್ಷಿತ ರೂಪವಾದ ಎಚ್‌ಟಿಟಿಪಿಎಸ್. ಆ ವರ್ಷಗಳಲ್ಲಿ ಸೈಟುಗಳು ಒಂದೊಂದಾಗಿ ಎಚ್‌ಟಿಟಿಪಿಎಸ್‌ಗೆ ಬದಲಾಗುತ್ತಿದ್ದವು. ಆಗಿನ ಫೈರ್‌ಫಾಕ್ಸ್ ಎರಡನ್ನೂ ಬೇರೆ ಬೇರೆ ಸೈಟುಗಳೆಂದು ಎಣಿಸಿ ಎರಡು ಸಲ ಉಳಿಸುತ್ತಿತ್ತು. ಹಾಗಾದರೆ ಯಾವುದು ಸರಿ? ಪ್ರತಿ ನಮೂದಿನಲ್ಲೂ ಅದು ಹುಟ್ಟಿದ್ದು ಯಾವಾಗ, ಕೊನೆಯದಾಗಿ ಬಳಸಿದ್ದು ಯಾವಾಗ, ಪಾಸ್‌ವರ್ಡ್ ಬದಲಾದದ್ದು ಯಾವಾಗ ಎಂಬುದು ಹದಿಮೂರು ಅಂಕಿಗಳಲ್ಲಿ ಬರೆದಿರುತ್ತದೆ. 1970ರ ಜನವರಿ 1ರಿಂದ ಎಷ್ಟು ಮಿಲಿಸೆಕೆಂಡು ಆಯಿತು ಎಂಬ ಲೆಕ್ಕ ಅದು. ಅದೇ ಡಿಸ್ಕಿನಲ್ಲಿರುವ ಫೈರ್‌ಫಾಕ್ಸಿನ ಇತಿಹಾಸ ಅದೇ ದಿನದಿಂದ ಮೈಕ್ರೊಸೆಕೆಂಡು ಎಣಿಸುತ್ತದೆ, ಕ್ರೋಮ್ 1601ರ ಜನವರಿ 1ರಿಂದ ಮೈಕ್ರೊಸೆಕೆಂಡು ಎಣಿಸುತ್ತದೆ. ಮೂರನ್ನೂ ಒಂದೇ ಹಾಳೆಯಲ್ಲಿ ಹೊಂದಿಸಿಕೊಳ್ಳುವಾಗ ಪಂಚಾಂಗ ಮಾಡುವವರ ಮೇಲೆ ಗೌರವ ಹೆಚ್ಚಾಯಿತು. ಎಚ್‌ಟಿಟಿಪಿಎಸ್ ನಮೂದಿನಲ್ಲಿ ಪಾಸ್‌ವರ್ಡ್ ಬದಲಾದ ದಿನ ಈಚಿನದು. ಅದಾದ ಮೇಲೆ ಬ್ಲಾಗಿನ ಪಾಸ್‌ವರ್ಡ್ ಬದಲಿಸುವ ಪುಟಕ್ಕೆ ಯಾರೂ ಹೋಗಿಲ್ಲ ಎಂದು ಇತಿಹಾಸದಿಂದ ಖಾತ್ರಿಯಾಯಿತು. ಪ್ಲೇಸಸ್ ಫೈಲನ್ನು ನಕಲು ಮಾಡುವಾಗ ಅದರ ಪಕ್ಕದಲ್ಲಿ ‘ವಾಲ್’ ಎಂಬ ಬಾಲದ ಫೈಲಿದ್ದರೆ ಅದನ್ನೂ ತೆಗೆದುಕೊಳ್ಳಬೇಕು. ಡೇಟಾಬೇಸಿಗೆ ಇನ್ನೂ ಸೇರದ ಕೊನೆಕೊನೆಯ ಬರವಣಿಗೆ ಅದರಲ್ಲಿರುತ್ತದೆ.

ಇತಿಹಾಸವನ್ನು ನಾನು ಓದುತ್ತ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಬ್ಲಾಗಿನ ವಿಳಾಸವಿರುವ ಸಾಲುಗಳನ್ನಷ್ಟೇ ಕೊಡು ಎಂದು ಪ್ರಶ್ನೆ ಬರೆದು ಅಷ್ಟನ್ನೇ ನೋಡಿದೆ. ಫಾರ್ಮ್‌ಹಿಸ್ಟರಿಯಲ್ಲಿ ಆ ಜಾಣತನ ನಡೆಯಲಿಲ್ಲ. ಅಲ್ಲಿ ಸೈಟಿನ ಹೆಸರೇ ಇರುವುದಿಲ್ಲ, ಯಾವ ಹೆಸರಿನ ಪೆಟ್ಟಿಗೆಯಲ್ಲಿ ಏನು ಬರೆದರು, ಎಷ್ಟು ಸಲ ಬರೆದರು ಎಂದಷ್ಟೇ. ಇಮೇಲ್ ಹುಡುಕಲು ಹೋದವನ ಕಣ್ಣಿಗೆ ಒಂದೆರಡು ಕಾಯಿಲೆಗಳ ಹೆಸರು ಬಿದ್ದವು. ದೊಡ್ಡಪ್ಪ ತೀರಿಕೊಳ್ಳುವುದಕ್ಕೆ ಮುಂಚಿನ ವರ್ಷ ಅದು. ಅಲ್ಲಿಗೆ ಆ ಫೈಲ್ ಮುಚ್ಚಿದೆ.

ಕುಕೀಗಳಿಂದ ಏನಾದರೂ ಆಗುತ್ತದೆಯೇ ಎಂದೂ ನೋಡಿದೆ. ಅವುಗಳ ಅವಧಿ ಎಂದೋ ಮುಗಿದಿತ್ತು. ಹಳೆಯ ಡಿಸ್ಕಿನಲ್ಲಿ ಅವುಗಳ ಮೇಲೆ ಆಸೆ ಇಟ್ಟುಕೊಳ್ಳಬಾರದು.

ಬೀಗ ತೆರೆಯುವ ಸರದಿ. ನೇರ ಉಪಾಯವೆಂದರೆ ಆ ಪ್ರೊಫೈಲನ್ನು ಈಗಿನ ಫೈರ್‌ಫಾಕ್ಸಿಗೆ ಕೊಟ್ಟು ಪಾಸ್‌ವರ್ಡ್ ಪುಟ ತೆರೆಯುವುದು. ಕೀ4.ಡಿಬಿ ಇರುವ ಪ್ರೊಫೈಲಾದರೆ ಅದೇ ಒಳ್ಳೆಯ ದಾರಿ. ನಮ್ಮದು ಕೀ3.ಡಿಬಿ ಕಾಲದ್ದು, ಆ ಹಳೆಯ ರೂಪವನ್ನು ಓದುವ ಭಾಗವನ್ನು ಈಗಿನ ಬ್ರೌಸರ್ ಹೊತ್ತುಕೊಂಡು ತಿರುಗುವುದಿಲ್ಲ. ಹಳೆಯ ಪ್ರೊಫೈಲಿಗೆ ಹಳೆಯ ಬ್ರೌಸರೇ ಬೇಕು. ಮೊಜಿಲ್ಲಾದವರು ತಮ್ಮ ಹಳೆಯ ಆವೃತ್ತಿಗಳನ್ನೆಲ್ಲ ಇಂದಿಗೂ ಸಾರ್ವಜನಿಕವಾಗಿ ಇಟ್ಟಿದ್ದಾರೆ. ಅಲ್ಲಿಂದ 2017ರ ಮಾರ್ಚಿನ 52ನೇ ಇಎಸ್‌ಆರ್ (ಹೆಚ್ಚು ಕಾಲ ಬೆಂಬಲ ಸಿಗುವ) ಆವೃತ್ತಿ ಇಳಿಸಿಕೊಂಡೆ. ವಿಂಡೋಸ್ ಎಕ್ಸ್‌ಪಿ ಮೇಲೆ ಓಡಿದ ಕೊನೆಯ ಫೈರ್‌ಫಾಕ್ಸ್ ಸಂತತಿ ಅದು. ಪ್ರೊಫೈಲಿನ ನಕಲಿನ ನಕಲನ್ನು ಒಂದು ವರ್ಚುವಲ್ ಮಶೀನಿಗೆ, ಅಂದರೆ ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರಿಗೆ, ಹಾಕಿದೆ. ಅದರ ನೆಟ್‌ವರ್ಕ್ ಕಿತ್ತುಹಾಕಿದೆ, ಏಕೆಂದರೆ ಇಷ್ಟು ಹಳೆಯ ಬ್ರೌಸರನ್ನು ಹೊರಗೆ ಬಿಡುವುದೂ ಅಪಾಯ, ಬಿಟ್ಟರೆ ಅದು ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಳ್ಳಲು ಹೊರಡುವುದೂ ಖಚಿತ. ಪ್ರೊಫೈಲ್ ವಿಂಡೋಸಿನಲ್ಲಿ ಹುಟ್ಟಿದ್ದು, ನನ್ನ ಮಶೀನು ಲಿನಕ್ಸ್. ಫೈರ್‌ಫಾಕ್ಸಿಗೆ ಅದು ಲೆಕ್ಕಕ್ಕಿಲ್ಲ.

ಒಂದು ಭಯ ಉಳಿದಿತ್ತು. ಯಾರಾದರೂ ‘ಮಾಸ್ಟರ್ ಪಾಸ್‌ವರ್ಡ್’ ಇಟ್ಟಿದ್ದರೆ (ಈಗ ಅದರ ಹೆಸರು ‘ಪ್ರೈಮರಿ ಪಾಸ್‌ವರ್ಡ್’) ಕೀ3.ಡಿಬಿಯೇ ಬೀಗದೊಳಗಿರುತ್ತಿತ್ತು, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆಯ್ಕೆಗಳ ಪುಟಕ್ಕೆ ಹೋಗಿ, ಉಳಿಸಿದ ಲಾಗಿನ್‌ಗಳ ಪಟ್ಟಿ ತೆರೆದು, ‘ಪಾಸ್‌ವರ್ಡ್ ತೋರಿಸು’ ಒತ್ತಿದೆ. ಖಚಿತವೇ ಎಂದು ಕೇಳಿತು. ಹೌದೆಂದೆ. ಮೂವತ್ತು ಚಿಲ್ಲರೆ ಪಾಸ್‌ವರ್ಡುಗಳು ಸಾಲಾಗಿ ಬಂದು ನಿಂತವು, ಯಾರನ್ನೂ ಏನನ್ನೂ ಕೇಳದೆ.

ಸಂತೋಷಕ್ಕಿಂತ ಮೊದಲು ಬಂದದ್ದು ಗಾಬರಿ. ಬ್ಲಾಗಿನ ಸಾಲಿನ ಮೇಲೆ, ಕೆಳಗೆ, ವಿದ್ಯುತ್ ಬಿಲ್ಲಿನದು, ರೈಲ್ವೆ ಟಿಕೆಟಿನದು, ಬ್ಯಾಂಕಿನದು. ಬೀಗ ಹಾಕಿ ಕೀಲಿಯನ್ನು ಬಾಗಿಲ ಚೌಕಟ್ಟಿನ ಮೇಲೇ ಇಟ್ಟುಹೋದ ಹಾಗೆ. ಕ್ರೋಮ್ ನನ್ನನ್ನು ಹೊರಗೆ ನಿಲ್ಲಿಸಿದಾಗ ಬೈದುಕೊಂಡಿದ್ದೆ, ಆದರೆ ಕಳ್ಳನನ್ನೂ ಅದು ಅಲ್ಲೇ ನಿಲ್ಲಿಸುತ್ತಿತ್ತು. ಫೈರ್‌ಫಾಕ್ಸ್ ನಮಗೆ ಉಪಕಾರ ಮಾಡಿತು, ಆ ಲ್ಯಾಪ್‌ಟಾಪ್ ಗುಜರಿಗೆ ಹೋಗಿದ್ದರೆ ಅಲ್ಲಿ ಡಿಸ್ಕ್ ಕೊಂಡವನಿಗೂ ಅದೇ ಉಪಕಾರ ಮಾಡುತ್ತಿತ್ತು. ದೊಡ್ಡಮ್ಮ ಇಂಥದ್ದನ್ನು ಅಟ್ಟಕ್ಕೆ ಹಾಕುತ್ತಾರೆಯೇ ಹೊರತು ಮಾರುವುದಿಲ್ಲ, ಪುಣ್ಯಕ್ಕೆ.

ಫೋನ್ ಮಾಡಿ ಪಾಸ್‌ವರ್ಡ್ ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ, ಆಮೇಲೆ ಜೋರು ನಗು. ಕೊಟ್ಟಿಗೆಯಲ್ಲಿದ್ದ ಹಸುವಿನ ಹೆಸರು, ಅದು ಮೊದಲ ಕರು ಹಾಕಿದ ಇಸವಿ. ಪಾಸ್‌ವರ್ಡು ನೆನಪಾಗದಿದ್ದ ದೊಡ್ಡಮ್ಮ ಆ ಹಸುವಿನ ಬಗ್ಗೆ ಮಾತ್ರ ಅರ್ಧ ಗಂಟೆ ಹೇಳಿದರು.

ಲಾಗಿನ್ ಮಾಡಲು ನಾನು ಬೆಂಗಳೂರಿನಿಂದ ಪ್ರಯತ್ನಿಸಲಿಲ್ಲ. ಬಹಳ ವರ್ಷಗಳ ಮೇಲೆ, ಹೊಸ ಊರಿನಿಂದ, ಹೊಸ ಸಾಧನದಿಂದ ಬಂದರೆ ಸೇವೆಗಳು ಸಂಶಯಪಟ್ಟು ಹಳೆಯ ಇಮೇಲಿಗೇ ಕೋಡ್ ಕಳಿಸುವುದುಂಟು. ಹಾಗಾದರೆ ಮತ್ತೆ ಶುರುವಿಗೇ ಬಂದಂತೆ. ಶಿರಸಿಗೆ ಹೋದಾಗ ಅವರ ಮನೆಯ ಇಂಟರ್ನೆಟ್ಟಿನಲ್ಲೇ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕೈಯಿಂದಲೇ ಟೈಪ್ ಮಾಡಿಸಿದೆ. ಒಳಗೆ ಬಿಟ್ಟಿತು. ಮೊದಲ ಕೆಲಸ ಇಮೇಲ್ ಬದಲಾವಣೆ. ಖಚಿತಪಡಿಸುವ ಕೊಂಡಿ ಹೊಸ ವಿಳಾಸಕ್ಕೆ ಬಂತು, ಬಚಾವ್. ಆಮೇಲೆ ಪಾಸ್‌ವರ್ಡ್ ಬದಲಾವಣೆ, ಆಮೇಲೆ ಇಡೀ ಬ್ಲಾಗಿನ ರಫ್ತು, ಕರಡುಗಳ ಸಮೇತ. ಬ್ಯಾಂಕಿನ ಪಾಸ್‌ವರ್ಡೂ ಅವತ್ತೇ ಬದಲಾಯಿತು, ಅದು ಇನ್ನೂ ಹಳೆಯದೇ ಇತ್ತು ಎಂದು ಆಗ ಗೊತ್ತಾಯಿತು.

ಕರಡುಗಳು ಪುಟಗಟ್ಟಲೆ ಇವೆ. ಅರ್ಧದಷ್ಟು ಯೂನಿಕೋಡಿನಲ್ಲಿವೆ, ಹಾಗೇ ಓದಬಹುದು. ಉಳಿದವು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿ ಅಂಟಿಸಿದವು. ಬ್ಲಾಗಿನಲ್ಲಿ ಕಾಣುವುದು ತಲೆಯ ಮೇಲೆ ಟೋಪಿ, ಗೀಟು ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳನ್ನು ಕನ್ನಡದ ತಂತ್ರಾಂಶ ಮಿತ್ರರು ಮಾಡಿಟ್ಟಿದ್ದಾರೆ, ಅವಿಲ್ಲದಿದ್ದರೆ ಕೈಬಿಡಬೇಕಿತ್ತು. ಆದರೂ ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪುತ್ತದೆ, ಕೆಲವು ಒತ್ತಕ್ಷರಗಳು ಕಳಚಿ ಬೀಳುತ್ತವೆ. ನಾನು ತಿದ್ದಿ ಕಳಿಸಿದ ಮೊದಲ ಕಂತನ್ನು ದೊಡ್ಡಮ್ಮ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಫೋಟೊ ತೆಗೆದು ವಾಪಸ್ ಕಳಿಸಿದ್ದಾರೆ. ಪರಿವರ್ತಕದ ತಪ್ಪೆಂದು ನಾನು ‘ಸರಿಪಡಿಸಿದ್ದ’ ಪದಗಳಲ್ಲಿ ಹಲವು ತಪ್ಪೇ ಆಗಿರಲಿಲ್ಲ, ಹಾಡುವವರು ಹಾಗೇ ಹೇಳುತ್ತಿದ್ದರಂತೆ. ಬೀಗರ ಹಾಡಿನ ಒಂದು ಸಾಲನ್ನು ಮಾತ್ರ ಅವರೇ ಹೊಡೆದುಹಾಕಿ, ‘ಇದು ಹಾಕೋದು ಬ್ಯಾಡ, ಆ ಮನೆಯವರು ಇನ್ನೂ ಇದ್ದ’ ಎಂದು ಪಕ್ಕದಲ್ಲಿ ಬರೆದಿದ್ದಾರೆ.